ಅತ್ತಿಗೆಯ ಬಿಸಿಲು ಚಿಕಿತ್ಸೆ

ಮಾರ್ಚ್ ೧೪, ಗುರುವಾರ

ಇವತ್ತಿನಿಂದ ನಮ್ಮ ಅತ್ತಿಗೆಯೂ ವೈದ್ಯರು. ಆಸ್ಪತ್ರೆಯಲ್ಲಿರುವ ನನ್ನ ಮಗಳ ಮಿದುಳು ಜ್ವರವೇನೋ ಇಳಿದಿದೆ, ಆದರೆ ಕರೆದರೆ ತಿರುಗುತ್ತಿಲ್ಲ. ಈ ಕಾಯಿಲೆ ಕೆಲವರ ಕಿವಿ ಕೆಡಿಸುತ್ತದಂತೆ; ಇವಳದೂ ಹೋಯಿತೇನೋ ಎಂದು ನನಗೆ ಜೀವದಲ್ಲಿ ಜೀವವಿಲ್ಲ. ಅಷ್ಟರಲ್ಲಿ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಎಂದು ಬಂತು. ಅತ್ತಿಗೆಗೆ ಅಷ್ಟೇ ಸಾಕಾಯಿತು.

"ಮಗೂನ ಬಿಸಿಲಿಗೆ ಬಿಡು ಅಂತ ಬಡ್ಕೊಂಡೆ. ನೀನು ತಮಾಷೆ ಅಂಕಣ ಬರ್ಕೊಂಡು ಕೂತ್ಕೋ!"

ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು: "ಅದು ಕಡಿಮೆ ಇರೋದ್ರಿಂದ ಚೇತರಿಕೆ ನಿಧಾನ ಆಗತ್ತಾ, ಕಾಯಿಲೆಯಿಂದಾನೇ ಅದು ಇಳಿಯತ್ತಾ, ಇನ್ನೂ ಸರಿಯಾಗಿ ಗೊತ್ತಿಲ್ಲಮ್ಮ. ವಿಟಮಿನ್ ಹನಿ ಕೊಡ್ತೀವಿ. ಆದ್ರೆ ಬ್ಯಾಕ್ಟೀರಿಯಾ ಕೊಲ್ಲೋದು ಆಂಟಿಬಯಾಟಿಕ್ಕೇ."

ಅತ್ತಿಗೆ ಭಕ್ತಿಯಿಂದ ತಲೆಯಾಡಿಸಿದರು. ಡಾಕ್ಟರಮ್ಮ ಬಾಗಿಲು ದಾಟಿದ್ದೇ ತಡ, ಕಿಟಕಿಯ ಪರದೆಯನ್ನು ಸರ್ರನೆ ಸರಿಸಿದರು. ಮುಚ್ಚಿದ ಗಾಜಿನ ಕಿಟಕಿ! ಬಿಸಿಲು ತನ್ನ ವಿಟಮಿನ್ನನ್ನು ಗಾಜಿನಾಚೆಯೇ ಬಿಟ್ಟು ಬರುತ್ತದೆಂದು ನಾನು ಉಪನ್ಯಾಸ ಶುರುಮಾಡಿದೆ. ಅವರು ನನಗೆ ಬೆನ್ನು ಹಾಕಿ, ಗೋಡೆಗೆ ಮುಖಮಾಡಿ ಮಲಗಿದ್ದ ಮಗಳನ್ನು ಕೇಳಿದರು: "ಹಿತವಾಗಿದ್ಯಾ ಚಿನ್ನಾ, ಬಿಸಿಲು?"

"ಇಲ್ಲ ಅತ್ತೆ. ಕಣ್ಣು ಚುಚ್ಚತ್ತೆ, ಮುಚ್ಚು."

ಮಗಳು ತಿರುಗಿಯೂ ನೋಡಿರಲಿಲ್ಲ. ಅತ್ತಿಗೆ ಪರದೆ ಹಿಡಿದುಕೊಂಡೇ ಅತ್ತುಬಿಟ್ಟರು.

ಇನ್ನು ಬಿಸಿಲಿನಿಂದಲೇ ವಾಸಿಯಾಯಿತೆಂದು ಊರೆಲ್ಲ ಡಂಗುರ ಹೊಡೆಯುತ್ತಾರೆ. ಹೊಡೆಯಲಿ. ಮಗಳಿಗೆ ಆ ಡಂಗುರ ಕೇಳಿಸುತ್ತದಲ್ಲ, ನನಗೆ ಅಷ್ಟು ಸಾಕು.