ಗುಂಡಮ್ಮನ ಬಿಲ

ಭಾನುವಾರ, ಬೆಳಗ್ಗೆ

ಸಲೂನಿನ ಯಜಮಾನರಾದ ನನ್ನ ಗಂಡನಿಗೆ,

‘ಪ್ರೀತಿಯ’ ಅಂತ ಬರೆಯಲು ಕೈ ಬರಲಿಲ್ಲ. ತಪ್ಪು ತಿಳಿಯಬೇಡಿ. ತಿಳಿದರೂ ನನಗೇನೂ ನಷ್ಟವಿಲ್ಲ.

ನಿಮ್ಮ ತಂಗಿ ನಿನ್ನೆ ಬಂದು ನಿಮ್ಮ ಷರತ್ತು ಹೇಳಿದಳು. ಈ ಬಾಡಿಗೆ ಕೋಣೆ ಖಾಲಿ ಮಾಡಿ ನಾನು ವಾಪಸ್ ಬಂದರೆ ಜೇಡ ನನ್ನದು, ಬರದಿದ್ದರೆ ಅದು ಸಲೂನಿನಲ್ಲೇ ಇರುತ್ತದೆ ಅಂತ. ಪಾಪ, ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಎಂಟು ಕಾಲಿನ ಮೂಕಪ್ರಾಣಿಯನ್ನು ಒತ್ತೆ ಇಟ್ಟುಕೊಂಡ ಗಂಡಸು ಭೂಮಿ ಮೇಲೆ ನೀವೊಬ್ಬರೇ ಇರಬೇಕು. ನಾಚಿಕೆ ಅನ್ನುವುದನ್ನು ಎಲ್ಲಿ ಮಾರಿಕೊಂಡಿರಿ?

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ರಕ್ತದ ಕಲೆ ಉಜ್ಜುತ್ತಿರುವಾಗ, ಓನರಮ್ಮನ ಹತ್ತಿರ ನನ್ನ ಗಂಡ ಅಂತ ಹೇಳಿಕೊಂಡು, ಕೀ ಇಸಿದುಕೊಂಡು ನನ್ನ ಕೋಣೆಗೆ ನುಗ್ಗಿದಿರಿ. ಮೇಜಿನ ಮೇಲಿದ್ದ ಗಾಜಿನ ಪೆಟ್ಟಿಗೆ ಎತ್ತಿಕೊಂಡು, ಸ್ಕೂಟರಿನಲ್ಲಿ ಕಾಲಿನ ಹತ್ತಿರ ಇಟ್ಟುಕೊಂಡು ಹೋದಿರಂತೆ. ರಸ್ತೆಯ ಒಂದೊಂದು ಉಬ್ಬಿಗೂ ಮಣ್ಣು ಕುಸಿಯುತ್ತದೆ, ಬಿಲದೊಳಗಿನ ಜೀವ ಹೂತುಹೋಗುತ್ತದೆ ಅಂತ ಒಮ್ಮೆಯಾದರೂ ಹೊಳೆಯಿತೇ? ಕೆಲಸ ಮುಗಿಸಿ ಬಂದು ಖಾಲಿ ಮೇಜು ನೋಡಿದಾಗ ಸಿಟ್ಟು ತಡೆಯಲಾಗಲಿಲ್ಲ. ಓನರಮ್ಮನಿಗೆ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ.

ಗುಂಡಮ್ಮನನ್ನು ತಂದದ್ದು ನೀವೇ, ಒಪ್ಪುತ್ತೇನೆ. ಅಂಗೈಯಗಲದ ಟರಾಂಟುಲಾ ಜೇಡ ಇದೆ ಅಂದರೆ ಗಿರಾಕಿಗಳು ಬಾಯಿ ಬಿಟ್ಟುಕೊಂಡು ಬರುತ್ತಾರೆ ಅನ್ನುವ ಆಸೆ ನಿಮಗೆ. ಸೊಂಟದೆತ್ತರದ ಶೋಕೇಸು, ಹತ್ತಲು ಕೊಂಬೆ, ನೆತ್ತಿಯ ಮೇಲೆ ಉರಿಯುವ ಬಲ್ಬು, ತಳದಲ್ಲಿ ಎರಡು ಬೆರಳು ಮಣ್ಣು. ಮಣ್ಣು ಕೊರೆದು ಒಳಗೆ ಬದುಕುವ ಜೇಡಕ್ಕೆ ಎಂಥ ಅರಮನೆ! ಅಗೆಯಲು ಜಾಗವಿಲ್ಲದೆ ಅವಳು ಗಾಜು ಹತ್ತಿದಳು, ಮೇಲಿಂದ ದೊಪ್ಪನೆ ಬಿದ್ದಳು. ಹೊಟ್ಟೆ ಒಡೆದರೆ ಸತ್ತೇಹೋಗುತ್ತಾಳೆ ಅಂತ ನಾನು ಬಡಕೊಂಡೆ. ನೀವು ಬಾಚಣಿಗೆಯ ಹಿಡಿಯಲ್ಲಿ ತಿವಿದು ಮತ್ತೆ ಹತ್ತಿಸಿದಿರಿ. ಕುರ್ಚಿಯಲ್ಲಿ ಕೂತವರೆಲ್ಲ ನಕ್ಕರು.

“ಕಣ್ಣಿಗೆ ಕಾಣದ ಪ್ರಾಣಿ ಸಾಕಿ ಏನ್ ಬಂತು?” ಅಂದಿರಿ.

ನನ್ನನ್ನೂ ಅದೇ ಸಲೂನಿನಲ್ಲಿ ಲಿಪ್‌ಸ್ಟಿಕ್ ಹಚ್ಚಿಸಿ ಕೌಂಟರಿನಲ್ಲಿ ಕೂರಿಸಿದ್ದಿರಿ, ಬಂದವರಿಗೆಲ್ಲ ಹಲ್ಲು ಕಿರಿಯಲಿ ಅಂತ. ನೀವು ತಿವಿದ ಆ ಸಂಜೆಯೇ ಗುಂಡಮ್ಮನನ್ನು ಒಂದು ಡಬ್ಬಿಗೆ ಹಾಕಿಕೊಂಡು ಹೊರಟೆ. ನೀವು ತಡೆಯಲಿಲ್ಲ. ಎರಡು ದಿನ ಉಪವಾಸ ಬಿದ್ದರೆ ತಾನೇ ಬರುತ್ತಾಳೆ ಅಂತ ಗಿರಾಕಿಗಳ ಮುಂದೆ ಜಂಬ ಕೊಚ್ಚಿದಿರಂತೆ.

ಇಲ್ಲಿಗೆ ಬಂದವಳು ಹಾಸಿಗೆ ಬಿಚ್ಚುವ ಮೊದಲು ಅವಳ ಮನೆ ಕಟ್ಟಿದೆ. ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ನೀರು ಚಿಮುಕಿಸಿದೆ. ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು, ಅದೇ ಹದ. ಸಡಿಲವಾಗಿ ಸುರಿದರೆ ಬಿಲ ನಿಲ್ಲುವುದಿಲ್ಲ, ಅದಕ್ಕೇ ಪದರ ಪದರವಾಗಿ ಗುದ್ದಿ ಆ ಗಾಜಿನ ಪೆಟ್ಟಿಗೆಯ ಮುಕ್ಕಾಲು ಭಾಗ ತುಂಬಿದೆ. ಗುದ್ದುವಾಗ ನಿಮ್ಮ ಮುಖ ನೆನಪಿಗೆ ಬರುತ್ತಿತ್ತು, ಮಣ್ಣು ಚೆನ್ನಾಗಿಯೇ ಗಟ್ಟಿಯಾಯಿತು. ಬಿದ್ದರೂ ಪೆಟ್ಟಾಗದಷ್ಟು ಮಾತ್ರ ಮೇಲೆ ಜಾಗ. ಸೌಟಿನ ಹಿಡಿಯಿಂದ ಓರೆಯಾಗಿ ಒಂದು ತೂತು ಕೊರೆದು, ಬಾಯಿಗೆ ಮರದ ತೊಗಟೆ ಮರೆಮಾಡಿ, ಪಕ್ಕದಲ್ಲಿ ಒಂದು ಮುಚ್ಚಳದಲ್ಲಿ ನೀರಿಟ್ಟೆ. ಬೆಳಗಾಗುವಷ್ಟರಲ್ಲಿ ಗುಂಡಮ್ಮ ಒಳಗೆ ಸೇರಿ ಮಣ್ಣು ಹೊರಗೆ ತಳ್ಳುತ್ತಿದ್ದಳು. ಆಮೇಲೆ ವಾರಗಟ್ಟಲೆ ಮುಖ ತೋರಿಸಲಿಲ್ಲ. ಅವಳು ಕಾಣದೆ ಇದ್ದದ್ದೇ ನನಗೆ ಖುಷಿ. ಬಾಗಿಲು ಹಾಕಿಕೊಂಡು ನಾನೂ ಕಣ್ತುಂಬ ನಿದ್ದೆ ಮಾಡಿದೆ.

ಈಗ ಸಲೂನಿನಲ್ಲಿ ಅವಳು ದಿನಾ ಸಂಜೆ ಹೊರಗೆ ಬರುತ್ತಾಳಂತೆ, ನಿಮ್ಮ ಕೈಯಿಂದಲೇ ಮಿಡತೆ ತಿನ್ನುತ್ತಾಳಂತೆ, ನಿಮಗೆ ಒಗ್ಗಿಕೊಂಡು ನನ್ನನ್ನು ಮರೆತೇಬಿಟ್ಟಿದ್ದಾಳಂತೆ. ನಿಮ್ಮ ತಂಗಿ ಇದನ್ನು ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು. ಅವಳು ಏನು ಅಂದುಕೊಂಡಳೋ ಗೊತ್ತಿಲ್ಲ, ನನ್ನ ಬೆನ್ನು ಸವರಿ ಹೋದಳು.

ನಿಮಗೆ ಬೇಕಾದ ಉತ್ತರ ಇಷ್ಟೇ. ನಾನು ಬರುವುದಿಲ್ಲ. ಗುಂಡಮ್ಮ ಅಂದರೆ ನನಗೆ ಪ್ರಾಣ ಅಂತ ಗೊತ್ತಿದ್ದೇ ಅಲ್ಲಿಗೆ ಕೈ ಹಾಕಿದಿರಿ. ಮನೆ ಬಿಟ್ಟ ಹೊಸತರಲ್ಲಾಗಿದ್ದರೆ ಅತ್ತುಕೊಂಡು ಓಡಿ ಬರುತ್ತಿದ್ದೆ, ಅದೂ ನಿಜ. ಈಗ ನೀವು ಏನನ್ನೇ ಒತ್ತೆ ಇಟ್ಟರೂ ಬರುವುದಿಲ್ಲ. ಬೀಗ ಬದಲಾಯಿಸಿದ್ದೇನೆ. ನಿಮ್ಮ ತಂಗಿಯನ್ನು ಇನ್ನು ರಾಯಭಾರಕ್ಕೆ ಕಳಿಸಬೇಡಿ. ಅವಳಾಗಿ ಬಂದರೆ ಟೀ ಮಾಡಿಕೊಡುತ್ತೇನೆ.

ಇಂತಿ,
ನಿಮ್ಮ ಕೌಂಟರಿನಿಂದ ಎದ್ದು ಬಂದವಳು

ವಿ.ಸೂ.: ಆ ಪೆಟ್ಟಿಗೆ ನೀವೇ ಇಟ್ಟುಕೊಳ್ಳಿ. ಮಣ್ಣಿಗೆ ಬೂಷ್ಟು ಹಿಡಿದಿತ್ತು, ಒಣಗಲಿ ಅಂತ ಮೇಜಿನ ಮೇಲೆ ಇಟ್ಟಿದ್ದೆ. ನೀವು ನುಗ್ಗುವ ಹಿಂದಿನ ವಾರವೇ ಗುಂಡಮ್ಮನಿಗೆ ಹಳೆಯ ಅಕ್ಕಿ ಡ್ರಮ್ಮಿನಲ್ಲಿ ಹೊಸ ಮಣ್ಣು ತುಂಬಿ ಕೊಟ್ಟಿದ್ದೆ. ನೀವು ನಿಂತಿದ್ದ ಜಾಗದ ಪಕ್ಕದಲ್ಲೇ, ಮಂಚದ ಕೆಳಗೆ, ಇನ್ನೂ ಆಳಕ್ಕೆ ಕೊರೆದುಕೊಂಡು ಕೂತಿದ್ದಾಳೆ. ದಿನಾ ಸಂಜೆ ನಿಮ್ಮ ಕೈಯಿಂದ ಮಿಡತೆ ತಿನ್ನುತ್ತಿರುವುದು ಯಾರು ಅಂತ ಬಿಡುವಾದಾಗ ತಿಳಿಸಿ.