ಕುಂಕುಮ ಹಚ್ಚಿದ ಕಂಪ್ಯೂಟರು ಮತ್ತು ಒಂಬತ್ತು ಹಾಲ್ ಟಿಕೆಟ್

ಗದಗ-ಬೆಟಗೇರಿ,
೧೧ ಡಿಸೆಂಬರ್ ೧೯೮೮

ವಾಣಿಜ್ಯ ಪರೀಕ್ಷೆಗಳ ಮಾನ್ಯ ಅಧಿಕಾರಿಗಳೇ,

ನನ್ನ ಟೈಪಿಂಗ್ ಕ್ಲಾಸಿನಲ್ಲಿ ಒಂದೂ ಟೈಪ್‌ರೈಟರ್ ಇಲ್ಲವೆಂಬ ಕಾರಣಕ್ಕೆ ತಾವು ನನ್ನ ಒಂಬತ್ತು ವಿದ್ಯಾರ್ಥಿಗಳ ಹಾಲ್ ಟಿಕೆಟ್ ತಡೆಹಿಡಿದಿದ್ದೀರಿ. ಕಾರಣ ಸರಿಯಾಗಿಯೇ ಇದೆ. ಕಳೆದ ತಿಂಗಳು ಬಂದ ತಮ್ಮ ತನಿಖಾಧಿಕಾರಿಗಳು ಕೋಣೆಯಲ್ಲಿ ಎರಡು ಸಲ ಎಣಿಸಿದರು, ಎರಡು ಸಲವೂ ಸೊನ್ನೆಯೇ ಬಂತು. ಅವರ ಕಾರ್ಯದಕ್ಷತೆಯ ಬಗ್ಗೆ ನನ್ನ ತಕರಾರು ಇಲ್ಲ. ಆ ಸೊನ್ನೆ ಹೇಗೆ ಹುಟ್ಟಿತು, ಅದರ ಹುಟ್ಟಿನಲ್ಲಿ ತಮ್ಮ ಪಾಲೆಷ್ಟು ಎಂಬುದನ್ನು ನಾಲ್ಕು ಜನರ ಮುಂದೆ ಹೇಳಬೇಕಾಗಿರುವುದರಿಂದ ಈ ಪತ್ರವನ್ನು ತಮಗೂ ಪತ್ರಿಕೆಗೂ ಒಟ್ಟಿಗೇ ಕಳಿಸುತ್ತಿದ್ದೇನೆ. ತಮಗೆ ಈ ಮೊದಲು ಬರೆದ ಮೂರು ಪತ್ರಗಳನ್ನು ನಾನೊಬ್ಬನೇ ಓದಿದ್ದೇನೆಂದು ತೋರುತ್ತದೆ.

ಇಪ್ಪತ್ತಾರು ವರ್ಷಗಳಿಂದ ನಾನು ಇಲ್ಲಿಯ ಸ್ಟೇಶನ್ ರಸ್ತೆಯಲ್ಲಿ, ಒಂದು ಕಿರಾಣಿ ಅಂಗಡಿಯ ಮಾಳಿಗೆಯ ಮೇಲೆ, ಕನ್ನಡ ಮತ್ತು ಇಂಗ್ಲಿಷ್ ಟೈಪಿಂಗ್ ಕಲಿಸುತ್ತಿದ್ದೇನೆ. ಏಳು ಯಂತ್ರಗಳಿದ್ದವು, ಐದು ಕನ್ನಡ, ಎರಡು ಇಂಗ್ಲಿಷ್. ಅವುಗಳನ್ನು ನೋಡಿಕೊಳ್ಳುತ್ತಿದ್ದವನು ಬೆಟಗೇರಿಯ ಮಾಶಾಕ. ಯಾವ ಯಂತ್ರದ ಯಾವ ಅಕ್ಷರ ಯಾವ ತಿಂಗಳಲ್ಲಿ ಮುನಿಸಿಕೊಳ್ಳುತ್ತದೆ ಎಂಬುದು ಅವನಿಗೆ ಬಾಯಿಪಾಠವಿತ್ತು. ಹೀಗೆ ನಾವು ಯಾರಿಗೂ ತೊಂದರೆ ಕೊಡದೆ ಬದುಕಿದ್ದಾಗ ಕಳೆದ ಜೂನ್ ತಿಂಗಳಲ್ಲಿ ತಮ್ಮ ಸುತ್ತೋಲೆ ಬಂತು. ಎರಡು ಪುಟಗಳ ಆ ಸುತ್ತೋಲೆಯ ಕೊನೆಗೆ, ಟೈಪಿಂಗ್ ಸಂಸ್ಥೆಗಳು ಮುಂಬರುವ ದಿನಗಳಲ್ಲಿ ಗಣಕಯಂತ್ರಗಳನ್ನು ಅಳವಡಿಸಿಕೊಳ್ಳುವುದು ಅಪೇಕ್ಷಣೀಯ ಎಂದು ಒಂದು ಸಾಲು ಇತ್ತು. ನಾನು ಅದನ್ನು ಓದಿ ಫೈಲಿಗೆ ಹಾಕಿದೆ. ಸರಕಾರ ಅಪೇಕ್ಷೆಪಡುವ ಸಂಗತಿಗಳು ಅನೇಕ, ನಮ್ಮ ಓಣಿಗೆ ದಿನಾ ನೀರು ಬರುವುದೂ ಅವುಗಳಲ್ಲಿ ಒಂದು.

ಆದರೆ ಆ ಸಾಲನ್ನು ನನಗಿಂತ ಶ್ರದ್ಧೆಯಿಂದ ಓದಿದವರೊಬ್ಬರಿದ್ದರು. ಜುಲೈ ತಿಂಗಳಲ್ಲಿ ಹುಬ್ಬಳ್ಳಿಯ ಒಂದು ಕಂಪನಿಯ ಪ್ರತಿನಿಧಿ ಮಹಾಶಯರು ಟೈ ಕಟ್ಟಿಕೊಂಡು ನನ್ನ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ತಮ್ಮ ಸುತ್ತೋಲೆಯ ಜೆರಾಕ್ಸ್ ಪ್ರತಿ ಇತ್ತು. ಕೊನೆಯ ಸಾಲಿನ ಕೆಳಗೆ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರು.

"ಮಾಸ್ತರ್ರ, ಸರಕಾರದವ್ರು ಸೀದಾ ಹೇಳಂಗಿಲ್ರಿ. ಹಿಂಗ ಮೆತ್ತಗ ಬರೀತಾರ. ಮುಂದಿನ ವರ್ಷ ಕಂಪ್ಯೂಟರ್ ಇಲ್ಲದ ಕ್ಲಾಸಿಗೆ ಮಾನ್ಯತಾ ಇರಂಗಿಲ್ಲ. ನನಗ ಒಳಗಿನ ಖಬರ ಐತಿ" ಎಂದರು.

ಒಳಗಿನ ಖಬರು ಯಾರ ಒಳಗಿನದೆಂದು ನಾನು ಕೇಳಲಿಲ್ಲ. ತಾವಾದರೂ ಈಗ ಹೇಳಬಹುದು. ತಮ್ಮ ಕಚೇರಿಯ ಕಾಗದ ನನಗೆ ಅಂಚೆಯಲ್ಲಿ ಹದಿನೆಂಟು ದಿನಕ್ಕೆ ಬಂದರೆ, ಅದೇ ಕಾಗದ ಮಾರಾಟದವನ ಚೀಲಕ್ಕೆ ಅಷ್ಟು ಜಲ್ದಿ ಹೇಗೆ ಹೋಗುತ್ತದೆ? ಅದಕ್ಕೆ ಬೇರೆ ಅಂಚೆ ಇದೆಯೇ?

ಆಮೇಲೆ ಅವರು ಪ್ರತಿ ವಾರ ಬಂದರು. ಈ ದರ ಬರುವ ಶನಿವಾರದವರೆಗೆ ಮಾತ್ರ ಎಂದರು. ಆ ಶನಿವಾರ ಹನ್ನೊಂದು ವಾರ ಬರುತ್ತಲೇ ಇತ್ತು. ಲಕ್ಷ್ಮೇಶ್ವರದವರು ಬುಕ್ ಮಾಡಿದ್ದಾರೆ, ಶಿರಹಟ್ಟಿಯವರು ನಾಳೆ ಮಾಡುತ್ತಾರೆ, ಗದಗಿನವರೇ ಹಿಂದೆ ಉಳಿದರೆ ತಮಗೆ ಸಂಕಟವಾಗುತ್ತದೆ ಎಂದರು. ಮುಂದೆ ಲಕ್ಷ್ಮೇಶ್ವರದ ನನ್ನ ಸಹವೃತ್ತಿಯವರು ಸಿಕ್ಕಾಗ ತಿಳಿಯಿತು, ಅವರ ಮುಂದೆ ಗದಗಿನ ನಾನು ಎರಡು ಬುಕ್ ಮಾಡಿದ್ದೆನಂತೆ. ನಮ್ಮಿಬ್ಬರ ಮರ್ಯಾದೆಯನ್ನು ಅವರು ಹೀಗೆ ಒಬ್ಬರಿಂದ ಒಬ್ಬರಿಗೆ ಕಡ ಕೊಡಿಸಿದ್ದರು. ಆದರೂ ನಾನು ಒಪ್ಪಿರಲಿಲ್ಲ. ನನಗೆ ಹೊಸದರ ಮೇಲೆ ಸಿಟ್ಟಿಲ್ಲ, ಕನ್ನಡದ ಯಂತ್ರ ಬಂದಾಗ ಈ ಊರಿನಲ್ಲಿ ಅದನ್ನು ಮೊದಲು ತಂದವರ ಪೈಕಿ ನಾನೂ ಒಬ್ಬ. ಆದರೆ ಜನವರಿಯಲ್ಲಿ ಪರೀಕ್ಷೆ ಇತ್ತು. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಹೇಳುತ್ತಾ ಬಂದೆ.

ಆಗ ಅವರು ಕೊನೆಯ ಉಪಾಯ ಮಾಡಿದರು. "ಕೊಳ್ಳಬ್ಯಾಡ್ರಿ. ನಾಕ ದಿನ ಇಟ್ಟುಕೊಂಡು ನೋಡ್ರಿ. ಸೇರದಿದ್ರ ವಾಪಸ್ ಒಯ್ತೀನಿ" ಎಂದು ಅಕ್ಟೋಬರ್ ಹದಿನೆಂಟರಂದು ಕಂಪ್ಯೂಟರನ್ನು ತಂದು ಮಾಳಿಗೆಯ ಮೇಲೆ ಇಳಿಸಿಯೇಬಿಟ್ಟರು. ಅದಕ್ಕೆ ಧೂಳು ಆಗದು, ಬಿಸಿಲು ಆಗದು, ಚಪ್ಪಲಿ ಆಗದು. ಕಿಟಕಿಗೆ ಪರದೆ ಕಟ್ಟಿ, ಒಂದು ಫ್ಯಾನನ್ನು ಅದರ ಕಡೆಗೇ ತಿರುಗಿಸಿದ್ದಾಯಿತು. ನನ್ನ ಹೆಂಡತಿ ಪದ್ಮಾಬಾಯಿ ನೋಡಿ, "ನನ್ನ ಬಾಣಂತನಕ್ಕೂ ಇಷ್ಟು ಆರೈಕಿ ಆಗಿದ್ದಿಲ್ಲ" ಎಂದಳು. ಮಾಶಾಕ ಮಾತ್ರ ಪ್ರತಿನಿಧಿಗಳನ್ನು ಒಂದು ಮಾತು ಕೇಳಿದ.

"ಕೆಟ್ಟರ ರಿಪೇರಿ ಯಾರು ಮಾಡೋರ್ರಿ?"

"ಇದು ಕೆಡೂದ ಇಲ್ಲ."

"ಕೆಡಲಾರದ ಮಷೀನ ಆ ಅಲ್ಲಾನೂ ಇನ್ನೂ ಮಾಡಿಲ್ರಿ" ಎಂದು ಅವನು ಕೆಳಗಿಳಿದು ಹೋದ.

ಮಾನ್ಯರೇ, ಅಕ್ಟೋಬರ್ ಹತ್ತೊಂಬತ್ತರ ಮಹತ್ವ ತಮ್ಮ ಕಚೇರಿಯ ರಜಾಪಟ್ಟಿಯಲ್ಲಿ ಕಾಣಬಹುದು. ಅಂದು ಖಂಡೆ ಪೂಜೆ. ನಮ್ಮ ಕಡೆ ಆ ದಿನ ಅನ್ನ ಕೊಡುವ ಪ್ರತಿಯೊಂದು ಸಾಮಾನಿಗೂ ಪೂಜೆಯಾಗುತ್ತದೆ. ನನ್ನ ತಾಯಿ ತುಳಸಾಬಾಯಿ, ಎಪ್ಪತ್ತೊಂಬತ್ತು ವರ್ಷದವಳು, ಒಂದೊಂದೇ ಮೆಟ್ಟಿಲು ಹತ್ತಿ ಬಂದು ಏಳೂ ಟೈಪ್‌ರೈಟರುಗಳಿಗೆ ಅರಿಷಿಣ-ಕುಂಕುಮ ಹಚ್ಚಿ ಚೆಂಡುಹೂವು ಏರಿಸಿದಳು. ಪಕ್ಕದಲ್ಲಿ ಮಾಶಾಕನ ಪಾನಾ, ಇಕ್ಕಳ, ಎಣ್ಣೆಡಬ್ಬಿಗಳೂ ಇದ್ದವು. ಪ್ರತಿ ವರ್ಷ ಅವನೇ ತಂದಿಡುತ್ತಾನೆ, ಪೂಜೆಯಾದ ಮೇಲೆ ಹೂವಿನ ಸಮೇತ ಒಯ್ಯುತ್ತಾನೆ. ಎಲ್ಲ ಮುಗಿದ ಮೇಲೆ ತಾಯಿಯ ಕಣ್ಣು ಮೂಲೆಗೆ ಹೋಯಿತು.

"ಅದನ್ನ ಯಾಕ ಬಿಟ್ಟೀಯೋ?"

"ಅದು ನಮ್ಮದಲ್ಲವ್ವಾ. ಬರೇ ನೋಡಲಿಕ್ಕೆ ತಂದಿಟ್ಟಾರ."

"ನಮ್ಮದ ಇರ್ಲಿ, ಮಂದೀದ ಇರ್ಲಿ. ಖಂಡೆ ಪೂಜಿ ದಿನ ಮನ್ಯಾಗ ಕೂತದ. ಎಲ್ಲಾರಿಗೂ ಹಚ್ಚಿ ಅದೊಂದಕ್ಕ ಬಿಟ್ರ ಪಂಕ್ತಿಭೇದ ಆಗ್ತದಪಾ."

ಹೀಗೆ ಹೇಳಿ ಅದರ ಪರದೆಯ ಮೇಲಂಚಿಗೆ, ಅಂದರೆ ಅವಳ ಲೆಕ್ಕದಲ್ಲಿ ಹಣೆಗೆ, ಕುಂಕುಮ ಹಚ್ಚಿದಳು. ಮುದುಕಿಯ ಕೈ, ಎಣ್ಣೆಯಲ್ಲಿ ಕಲಸಿದ ಕುಂಕುಮ, ಸ್ವಲ್ಪ ಹೆಚ್ಚೇ ಆಯಿತು. ಆಗ ತಡೆಯುವುದು ನನ್ನ ಕೆಲಸವಾಗಿತ್ತು. ತಡೆಯಲಿಲ್ಲ.

ಮರುದಿನ ವಿಜಯದಶಮಿ. ಸಂಜೆ ಎಲ್ಲರೂ ಬಂಗಾರವೆಂದು ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುತ್ತಿದ್ದಾಗ ಪ್ರತಿನಿಧಿ ಮಹಾಶಯರು ಹುಬ್ಬಳ್ಳಿಯಿಂದ ಬಂದರು. ಅಂದು ಟೈ ಇರಲಿಲ್ಲ, ರೇಷ್ಮೆ ಅಂಗಿ ಇತ್ತು. ನೇರವಾಗಿ ನನ್ನ ತಾಯಿಯ ಕಾಲಿಗೆ ಬಿದ್ದರು. ಎದ್ದವರು ಕಂಪ್ಯೂಟರಿನ ಹಣೆ ನೋಡಿದರು. ಹನ್ನೊಂದು ವಾರಗಳಲ್ಲಿ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

"ಪೂಜಿ ಆತಲ್ರೀ! ಇನ್ನ ಇದು ನಿಮ್ಮದ. ಕುಂಕುಮ ಹಚ್ಚಿದ ಲಕ್ಷ್ಮೀನ ನಾ ಹೆಂಗ ವಾಪಸ್ ಒಯ್ಲಿ? ಒಯ್ದರ ನಿಮ್ಮ ಮನಿಗೂ ಚಲೋ ಅಲ್ಲ, ನಮ್ಮ ಕಂಪನಿಗೂ ಚಲೋ ಅಲ್ಲ. ಅವ್ವಾರ, ನೀವ ಹೇಳ್ರಿ."

ಅವ್ವ ಹೌದೆಂದು ಗೋಣು ಹಾಕಿದಳು. ಆಗ ಅವರು ಎರಡೂ ಕೈಯಲ್ಲಿ ಬನ್ನಿ ಹಿಡಿದು, "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಮಾಸ್ತರ್ರ" ಎಂದರು. ಬನ್ನಿಯ ಕೆಳಗೆ ಆರ್ಡರ್ ಫಾರ್ಮು ಇತ್ತು.

ತಾವು ಬಹುಶಃ ಕೇಳುತ್ತೀರಿ, ಬಾಯಲ್ಲಿ ನಾಲಿಗೆ ಇರಲಿಲ್ಲವೇ ಎಂದು. ಇತ್ತು. ಆದರೆ ಮಾನ್ಯರೇ, ನಮ್ಮ ಕಡೆ ವರ್ಷವಿಡೀ ಕೋರ್ಟಿನಲ್ಲಿ ಬಡಿದಾಡಿದ ಅಣ್ಣತಮ್ಮಂದಿರೂ ಆ ಸಂಜೆ ಬನ್ನಿ ಕೊಟ್ಟು ಅಪ್ಪಿಕೊಳ್ಳುತ್ತಾರೆ. ಬನ್ನಿ ಹಿಡಿದು ಬಂದವನಿಗೆ ಒಲ್ಲೆ ಎಂದವನನ್ನು ನಾನು ಈ ಐವತ್ತೇಳು ವರ್ಷಗಳಲ್ಲಿ ನೋಡಿಲ್ಲ. ನಾನು ಬನ್ನಿ ತೆಗೆದುಕೊಂಡೆ, ಫಾರ್ಮು ಅದರ ಜೊತೆಗೇ ಬಂತು. ಪೆನ್ನು ಅವರದೇ, ಸಹಿ ಮಾತ್ರ ನನ್ನದು. ಹಳೆಯ ಏಳು ಯಂತ್ರಗಳನ್ನು ಎಕ್ಸ್‌ಚೇಂಜಿನಲ್ಲಿ ಕೊಡತಕ್ಕದ್ದು ಎಂದು ಫಾರ್ಮಿನಲ್ಲಿತ್ತು. "ಪರೀಕ್ಷಾನೂ ಇನ್ನ ಇದರ ಮ್ಯಾಲೇನ ರೀ" ಎಂದು ಅವರು ಅದೇ ಸುತ್ತೋಲೆಯನ್ನು ಮತ್ತೊಮ್ಮೆ ತೋರಿಸಿದರು. ಮರುದಿನ ಬೆಳಿಗ್ಗೆ ಟೆಂಪೋ ಬಂತು. ಯಂತ್ರಗಳ ಮೇಲೆ ಚೆಂಡುಹೂವು ಇನ್ನೂ ಬಾಡಿರಲಿಲ್ಲ. ಮಾಶಾಕ ಮೆಟ್ಟಿಲ ಮೇಲೆ ಅಡ್ಡ ನಿಂತು, "ಮಾಸ್ತರ್ರ, ಒಂದಾರ ಇಟ್ಟುಕೋರಿ" ಎಂದ. ನಾನು ಬೇಡವೆಂದೆ. ಈ ಇಡೀ ವ್ಯವಹಾರದಲ್ಲಿ ನನಗೆ ಅತ್ಯಂತ ನಾಚಿಕೆಯಾಗುವುದು ಆ ಒಂದು ಮಾತಿಗೆ.

ಈಗ ರಮಜಾನಬಿಯ ವಿಷಯ. ಈ ಪತ್ರ ಬರೆಯಲು ಆಕೆಯೇ ಕಾರಣ, ನಾನಲ್ಲ. ಮುಂಡರಗಿಯ ಒಂದು ಸರಕಾರಿ ಕಚೇರಿಯಲ್ಲಿ ಆಕೆ ಸಿಪಾಯಿ. ಗಂಡ ಅದೇ ಕಚೇರಿಯ ಜೀಪ್ ಡ್ರೈವರ್ ಆಗಿದ್ದ. ಅವನು ತೀರಿದ ಮೇಲೆ ಅನುಕಂಪದ ಮೇಲೆ ಆಕೆಗೆ ಈ ಕೆಲಸ ಸಿಕ್ಕಿತು. ಎಸ್ಸೆಸ್ಸೆಲ್ಸಿ ಆಗಿದೆ. ಕನ್ನಡ ಜೂನಿಯರ್ ಟೈಪಿಂಗ್ ಒಂದು ಪಾಸಾದರೆ ಅದೇ ಕಚೇರಿಯಲ್ಲಿ ಖಾಲಿ ಇರುವ ಬೆರಳಚ್ಚುಗಾರರ ಹುದ್ದೆ ಸಿಗುತ್ತದೆ. ಮಾರ್ಚಿನಲ್ಲಿ ಆ ಹುದ್ದೆ ಬೇರೆಯವರಿಂದ ತುಂಬುತ್ತದೆ, ಆಮೇಲೆ ಆಕೆಯ ವಯೋಮಿತಿಯೂ ಮೀರುತ್ತದೆ. ಹೀಗಾಗಿ ಜನವರಿಯದೇ ಮೊದಲನೆಯ ಮತ್ತು ಕೊನೆಯ ಪರೀಕ್ಷೆ. ಒಂದು ವರ್ಷದಿಂದ ಪ್ರತಿ ಶನಿವಾರ, ಭಾನುವಾರ ಮುಂಡರಗಿಯ ಬಸ್ಸಿನಲ್ಲಿ ಬಂದು ಕಲಿತಳು. ಇಡೀ ವಾರ ಫೈಲು ಹೊತ್ತು, ಚಹಾ ತಂದು ಬಂದ ಕೈ ಅದು. ಅಂಥ ಬೆರಳು ನಾನು ಇಪ್ಪತ್ತಾರು ವರ್ಷಗಳಲ್ಲಿ ಬಹಳ ಕಂಡಿಲ್ಲ.

ದಸರೆಯ ನಂತರದ ಶನಿವಾರ ಬಂದು ಆಕೆ ಖಾಲಿ ಮೇಜುಗಳನ್ನು ನೋಡಿದಳು. ಕಂಪ್ಯೂಟರಿನ ಮುಂದೆ ಕೂತಳು. ಬಹಳ ಹೊತ್ತು ಕೀಲಿಗಳನ್ನು ಹುಡುಕಿ ಕೇಳಿದಳು, "ಸರ, ಇದರಾಗ ಕನ್ನಡ ಎಲ್ಲೈತ್ರಿ?"

ಕನ್ನಡ ಇರಲಿಲ್ಲ. ಹುಬ್ಬಳ್ಳಿಗೆ ಟ್ರಂಕ್ ಕಾಲ್ ಮಾಡಿದೆ. ಕನ್ನಡ ಬೇರೆ ಫ್ಲಾಪಿಯಲ್ಲಿ ಬರುತ್ತದೆ, ದೀಪಾವಳಿಯೊಳಗೆ ಬರುತ್ತದೆ ಎಂದರು. ಫ್ಲಾಪಿ ಮಾತು ಕೊಟ್ಟಂತೆ ದೀಪಾವಳಿಗೇ ಬಂತು. ಹಾಕಿ ನೋಡಿದರೆ ಹಸಿರು ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ, ಕಂಪನಿಯ ದೀಪಾವಳಿ ಶುಭಾಶಯ ಮಿನುಗುತ್ತಿತ್ತು. ಬೇರೇನೂ ಇರಲಿಲ್ಲ. ಕರೆಂಟು ಇದ್ದಷ್ಟು ಹೊತ್ತು ಅದನ್ನು ನಾವೆಲ್ಲ ನೋಡಿದೆವು.

ಯಂತ್ರವನ್ನು ವಾಪಸು ಒಯ್ದು ನನ್ನ ಏಳನ್ನು ಕೊಡಿ ಎಂದು ಕಂಪನಿಗೆ ಬರೆದೆ. ಬಂದ ಉತ್ತರವನ್ನು ಲಗತ್ತಿಸಿದ್ದೇನೆ. ಪರದೆಯ ಚೌಕಟ್ಟಿನ ಮೇಲೆ ಕೆಂಪು ಕಲೆ ಇರುವುದರಿಂದ ಯಂತ್ರವನ್ನು ಬಳಸಿದ್ದೆಂದು ಪರಿಗಣಿಸಲಾಗಿದೆ, ಆದ್ದರಿಂದ ಹಿಂದಕ್ಕೆ ಪಡೆಯಲಾಗುವುದಿಲ್ಲ, ಎಂದಿದೆ. ದಶಮಿಯಂದು ಲಕ್ಷ್ಮಿಯಾಗಿದ್ದದ್ದು ಒಂದು ತಿಂಗಳಲ್ಲಿ ಕಲೆಯಾಯಿತು. ಈ ಉತ್ತರವನ್ನು ನಾನು ತಾಯಿಗೆ ಓದಿ ಹೇಳಿಲ್ಲ. ತನ್ನ ಕೈಯ ಕುಂಕುಮದಿಂದ ಒಂಬತ್ತು ಜನರ ಪರೀಕ್ಷೆ ಕೆಟ್ಟಿತೆಂದು ಅವಳಿಗೆ ಯಾಕೆ ತಿಳಿಯಬೇಕು? ಅವಳು ಈಗಲೂ ದಿನಾ ಕೇಳುತ್ತಾಳೆ, ಆ ಹೊಸದು ಚಲೋ ನಡೀಲಿಕ್ಕೆ ಹತ್ತಿದೆಯೇನೋ ಎಂದು. ಹೂಂ ಎನ್ನುತ್ತೇನೆ.

ಇಷ್ಟೆಲ್ಲ ಆದ ಮೇಲೆ ತಮ್ಮ ತನಿಖಾಧಿಕಾರಿಗಳು ಬಂದು ಎಣಿಸಿದರು. ತಮ್ಮ ನೋಟಿಸು ಬಂತು, ಪರೀಕ್ಷೆ ಟೈಪ್‌ರೈಟರಿನ ಮೇಲೆಯೇ ನಡೆಯುತ್ತದೆ, ಟೈಪ್‌ರೈಟರ್ ಇಲ್ಲದ ಸಂಸ್ಥೆಯ ಅಭ್ಯರ್ಥಿಗಳಿಗೆ ಹಾಲ್ ಟಿಕೆಟ್ ಇಲ್ಲ. ಜೂನ್ ತಿಂಗಳಲ್ಲಿ ಗಣಕಯಂತ್ರವನ್ನು ಅಪೇಕ್ಷಿಸಿದವರೂ ತಾವೇ, ನವೆಂಬರಿನಲ್ಲಿ ಟೈಪ್‌ರೈಟರ್ ಎಲ್ಲಿ ಎಂದವರೂ ತಾವೇ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎನ್ನುತ್ತಾರೆ. ತಾವು ಚಿವುಟಿದ್ದಂತೂ ಆಯಿತು, ತೂಗುವ ದಿನ ಯಾವುದೆಂದು ತಿಳಿಸಿದರೆ ಉಪಕಾರವಾಗುತ್ತದೆ. ಸಹಿ ಮಾಡಿದವನು ನಾನು, ನನಗೆ ಶಿಕ್ಷೆಯಾಗಲಿ. ಮಾನ್ಯತೆ ರದ್ದು ಮಾಡಿ, ನಾನು ಕೇಳುವುದಿಲ್ಲ. ಆದರೆ ರಮಜಾನಬಿ ಯಾವ ಫಾರ್ಮಿಗೆ ಸಹಿ ಮಾಡಿದ್ದಳು? ಅವಳು ಯಾರ ಕೈಯಿಂದ ಬನ್ನಿ ತೆಗೆದುಕೊಂಡಿದ್ದಳು?

ತಮ್ಮ ನೋಟಿಸು ಬಂದ ದಿನ ಮಾಶಾಕ ಅದನ್ನು ಓದಿಸಿಕೊಂಡು ಹೋದ. ಹನ್ನೊಂದು ದಿನ ಈ ಕಡೆ ಸುಳಿಯಲಿಲ್ಲ. ಹನ್ನೆರಡನೆಯ ದಿನ ಕೈಗಾಡಿಯ ಮೇಲೆ ಗೋಣಿಚೀಲ ಮುಚ್ಚಿದ ಒಂದು ಕನ್ನಡ ಟೈಪ್‌ರೈಟರನ್ನು ತಂದ. ಹುಲಕೋಟಿಯ ಗುಜರಿಯಿಂದ ಮೈ, ತನ್ನ ಅಂಗಡಿಯ ಡಬ್ಬಿಗಳಿಂದ ಅಕ್ಷರಗಳು, ಎಲ್ಲಿಂದಲೋ ಕಾಗದ ಸುತ್ತುವ ಒಂದು ರೂಳು. ಇಬ್ಬರೂ ಹಿಡಿದು ಅದನ್ನು ಮೇಲೆ ಒಯ್ದು ಖಾಲಿ ಮೇಜಿನ ಮೇಲೆ ಇಟ್ಟೆವು. ಅವನು ಹೇಳಿದ, "ಇದು ನಂದು ಐತ್ರಿ ಮಾಸ್ತರ್ರ. ನೀವು ಬರೇ ಇಟ್ಟುಕೋರಿ. ಯಾರಾರ ಬನ್ನಿ ತಗೊಂಡು ಬಂದ್ರ ನನ್ನ ಕೇಳ್ರಿ."

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಸೊನ್ನೆ ಈಗ ಒಂದಾಗಿದೆ, ಮತ್ತೊಮ್ಮೆ ಎಣಿಸಲು ಕಳಿಸಿ. ಒಂದು ಸಾಲದೆಂದರೆ ಒಂಬತ್ತು ಜನರನ್ನು ಬೇರೆ ಯಾವುದಾದರೂ ಸಂಸ್ಥೆಯ ಹೆಸರಿನಲ್ಲಿ ಕೂಡ್ರಿಸಿ, ಆದರೆ ಹಾಲ್ ಟಿಕೆಟ್ ಕೊಡಿ. ಮತ್ತು ಇನ್ನು ಮುಂದೆ ತಮಗೆ ಏನಾದರೂ ಬೇಕೆನ್ನಿಸಿದರೆ, ಪರೀಕ್ಷೆ ಯಾವುದರ ಮೇಲೆ ನಡೆಯುತ್ತದೆ ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ತಮ್ಮ ಅಪೇಕ್ಷೆಗಳನ್ನು ಚೀಲದಲ್ಲಿ ಹಾಕಿಕೊಂಡು ಮಾರುವವರಿದ್ದಾರೆ.

ಕೊನೆಯದಾಗಿ, ಪತ್ರಿಕೆಗೆ ಹೋಗುವ ಪ್ರತಿ ಹೇಗಾದರೂ ಇರಲಿ, ರಿಜಿಸ್ಟರ್ ಅಂಚೆಯಲ್ಲಿ ತಮ್ಮ ಕೈಗೆ ಬರುವ ಪ್ರತಿಯನ್ನು ದಯವಿಟ್ಟು ಗಮನವಿಟ್ಟು ನೋಡಿ. ಅದರಲ್ಲಿ ಇಲ್ಲಿಯವರೆಗಿನದನ್ನು ಈ ಭಾನುವಾರ ಮಾಶಾಕನ ಯಂತ್ರದ ಮೇಲೆ ಬೆರಳಚ್ಚು ಮಾಡಿದವಳು ರಮಜಾನಬಿ. ನಾನು ಗಡಿಯಾರ ಹಿಡಿದು ಪಕ್ಕದಲ್ಲಿ ಕೂತಿದ್ದೆ, ಪ್ರತಿ ಪುಟದ ಅಂಚಿನಲ್ಲಿ ಹಿಡಿದ ನಿಮಿಷ ಬರೆದಿದ್ದೇನೆ. ತನ್ನ ವಿಷಯ ಬಂದಲ್ಲಿ ಅವಳು ಕೈ ನಿಲ್ಲಿಸಿ, "ಸರ, ಇದನ್ನೂ ಹೊಡೀಬೇಕೇನ್ರಿ?" ಎಂದಳು. "ಹೊಡಿಯವ್ವಾ, ಪರೀಕ್ಷಾದಾಗ ಬಂದದ್ದು ಬಿಡಬಾರ್ದು" ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಹೊಡೆದಳು. ತಮ್ಮ ಪ್ರಶ್ನೆಪತ್ರಿಕೆಯಲ್ಲಿ ಯಾವಾಗಲೂ ಒಂದು ಪತ್ರವನ್ನು ಅಂದವಾಗಿ ಬೆರಳಚ್ಚು ಮಾಡುವ ಪ್ರಶ್ನೆ ಇರುತ್ತದೆ. ಇದನ್ನೇ ಆ ಪತ್ರವೆಂದು ತಿಳಿಯಿರಿ. ನಾನು ಒಂದು ಅಕ್ಷರವನ್ನೂ ತಿದ್ದಿಲ್ಲ. ಕೆಂಪು ಶಾಯಿ ತೆಗೆದುಕೊಂಡು ತಾವೇ ತಪ್ಪುಗಳನ್ನು ಎಣಿಸಿ, ಅವು ನಿಯಮದ ಮಿತಿಯೊಳಗಿದ್ದರೆ ಆಕೆಯ ಹಾಲ್ ಟಿಕೆಟನ್ನು ಮರು ಅಂಚೆಗೆ ಕಳಿಸಿ.

ಇಂತಿ,
ಪೂಜೆಗೊಂಡ ಒಂದು ಕಂಪ್ಯೂಟರಿನ ಒಡೆಯ, ಮಂದಿಯ ಒಂದು ಟೈಪ್‌ರೈಟರಿನ ಕಾವಲುಗಾರ,
ನರಸಿಂಹ ಮಾಸ್ತರ

ಬೆರಳಚ್ಚು: ರಮಜಾನಬಿ, ಸಿಪಾಯಿ, ಮುಂಡರಗಿ