ಕೊನೇ ಮನೆ ಅಜ್ಜಿಯ ಸಾಲು

ಸೋಂಬೇರಿ ತಮ್ಮಾ,

ಹಾಲು ಕಾಯಿಸಿಟ್ಟಿದ್ದೀನಿ. ಕುಡಿದ ಲೋಟ ತೊಳೆದಿಡು, ಅದು ತಾನಾಗೇ ಎದ್ದು ಹೋಗಿ ತೊಳ್ಕೊಳ್ಳಲ್ಲ.

ನಾನು ಪುರಸಭೆಗೆ ಹೋಗ್ತಿದ್ದೀನಿ. ಜ್ವರ ಹರಡ್ತಿದೆ ಅಂತ ಪ್ರಾರ್ಥನಾ ಮಂದಿರಕ್ಕೆ ಬೀಗ ಜಡಿದಿದ್ದಾರೆ, ಮಾರ್ಕೆಟ್ ಮಾತ್ರ ಗಿಜಿಗುಡ್ತಿದೆ. ಎಚ್ಚರಿಕೆ ಬೇಡ ಅಂತಲ್ಲ. ಮಾರ್ಕೆಟ್ಟಿಗೊಂದು ನ್ಯಾಯ, ನಮಗೊಂದು ನ್ಯಾಯ ಯಾಕೆ ಅಂತ ಕೇಳ್ತೀನಿ. ಬಯಲಲ್ಲಿ ದೂರ ದೂರ ಕೂತು ಪ್ರಾರ್ಥನೆ ಮಾಡೋಕಾದರೂ ಬಿಡಲಿ.

ನಾವು ಚಿಕ್ಕವರಿದ್ದಾಗಲೂ ಹೀಗೇ ಬೀಗ ಬಿದ್ದಿತ್ತು, ನೆನಪಿದೆಯಾ? ಅಪ್ಪ ನಮ್ಮ ಮಹಡಿ ಮೇಲೆ ನಿಂತು ಒಂದು ಸಾಲು ಹಾಡೋರು. ಪಕ್ಕದ ಮಹಡಿಯವರು ಅದನ್ನೇ ಹಾಡೋರು, ಆಮೇಲೆ ಅವರಾಚೆಯವರು. ಬೀದಿಯ ಕೊನೇ ಮನೆ ಅಜ್ಜಿಯ ನಡುಗೋ ದನಿ ಕೇಳಿದ ಮೇಲೇ ಅಪ್ಪ ಮುಂದಿನ ಸಾಲು ಎತ್ತೋರು. ಬೀಗ ತೆಗೆದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಮಂದಿರದೊಳಗೆ ಪಕ್ಕಪಕ್ಕ ಕೂತರೂ ಸಾಲುಸಾಲಿಗೂ ಸುಮ್ಮನಾಗಿ ಕಾಯ್ತಿದ್ವಿ. ಹೊಸಬರು ನಗೋರು.

ಸಂಜೆ ನಾನು ಬರೋದು ತಡವಾದರೆ ನೀನೇ ಮಹಡಿ ಹತ್ತಿ ಮೊದಲ ಸಾಲು ಹಾಡು. ದನಿ ಚೆನ್ನಾಗಿಲ್ಲ ಅಂತ ನೆಪ ಹೇಳಬೇಡ, ಅಪ್ಪನದೂ ಅಷ್ಟಕ್ಕಷ್ಟೇ.

ಅಜ್ಜಿ ಹೋಗಿ ಎಷ್ಟೋ ವರ್ಷವಾಯ್ತು, ಗೊತ್ತು. ಆದರೂ ಅವರು ಹಾಡಿ ಮುಗಿಸೋವರೆಗೂ ಕಾದು ಮುಂದಿನ ಸಾಲು ಎತ್ತು.

ಅಕ್ಕ